ಕಬ್ಬಿನ ಹಾಗೆ ಸಿಗಿದು ತಿಂದ ಕಹಿ

1987ರ ನವೆಂಬರ್. ಟಾಂಜಾನಿಯಾದಲ್ಲಿ, ತಾಂಗನಿಕಾ ಸರೋವರದ ಪಕ್ಕದ ಮಹಾಲೆ ಬೆಟ್ಟಗಳ ಕಾಡು. ಚೌಸಿಕು ಎಂಬ ಹೆಣ್ಣು ಚಿಂಪಾಂಜಿಗೆ ಹುಷಾರಿರಲಿಲ್ಲ. ಉಳಿದವೆಲ್ಲ ಹೊಟ್ಟೆ ತುಂಬಿಸಿಕೊಳ್ಳಲು ಓಡಾಡುತ್ತಿದ್ದರೆ ಇದು ಹಗಲಲ್ಲೇ ಮಲಗಿತ್ತು. ಆಮೇಲೆ ನಿಧಾನವಾಗಿ ಎದ್ದು ಒಂದು ಪೊದೆಯ ಹತ್ತಿರ ಹೋಯಿತು. ಎಳೆ ಕೊಂಬೆ ಮುರಿಯಿತು, ಎಲೆ ಕಿತ್ತು ಎಸೆಯಿತು, ಹಲ್ಲಿನಿಂದ ಸಿಪ್ಪೆ ಸಿಗಿಯಿತು, ಒಳಗಿನ ತಿರುಳನ್ನು ಜಗಿದು ರಸ ಹೀರಿ ನಾರು ಉಗುಳಿತು. ನಾವು ಕಬ್ಬಿನ ಜಲ್ಲೆ ತಿನ್ನುತ್ತೇವಲ್ಲ, ಥೇಟ್ ಹಾಗೆ. ಆದರೆ ಈ ಗಿಡದ ರಸ ಸಿಕ್ಕಾಪಟ್ಟೆ ಕಹಿ.

ನೋಡುತ್ತಿದ್ದವರು ಇಬ್ಬರು. ಒಬ್ಬರು ಸಂಶೋಧಕ ಮೈಕೆಲ್ ಹಫ್‌ಮನ್. ಇನ್ನೊಬ್ಬರು ಅಲ್ಲಿನ ಟೊಂಗ್ವೆ ಜನಾಂಗದ ಮೊಹಮೆದಿ ಸೇಯ್ಫು ಕಲುಂದೆ. ಕಾಡಿನ ಕೆಲಸದವರು, ಮನೆತನದಲ್ಲೇ ನಾಟಿ ಔಷಧಿ ಕೊಡುತ್ತ ಬಂದವರು. ಇದೇನು ಗಿಡ ಎಂದು ಹಫ್‌ಮನ್ ಕೇಳಿದಾಗ ಮೊಹಮೆದಿಗೆ ಯೋಚಿಸಬೇಕಾಗಲೂ ಇಲ್ಲ. ಅವರ ಭಾಷೆಯಲ್ಲಿ ಅದು 'ಎಂಜೊನ್ಸೊ', ಮಲೇರಿಯಾ ಜ್ವರಕ್ಕೂ ಹೊಟ್ಟೆನೋವಿಗೂ ಜಂತುಹುಳಕ್ಕೂ ಮದ್ದು. ಸಸ್ಯಶಾಸ್ತ್ರದಲ್ಲಿ ವರ್ನೋನಿಯಾ ಅಮಿಗ್ಡಲಿನಾ. ಮರುದಿನ ಮಧ್ಯಾಹ್ನದ ಹೊತ್ತಿಗೆ ಚೌಸಿಕು ಚೇತರಿಸಿಕೊಂಡು ಮತ್ತೆ ಆಹಾರ ಹುಡುಕುತ್ತಿತ್ತು.

ಇಷ್ಟಕ್ಕೇ ಚಿಂಪಾಂಜಿಯನ್ನು ವೈದ್ಯ ಮಾಡಿಬಿಡಬೇಡಿ. ನಮಗೂ ಎಷ್ಟೋ ಸಲ ಮಾತ್ರೆ ನುಂಗಿದರೂ ನುಂಗದಿದ್ದರೂ ಜ್ವರ ಇಳಿಯುತ್ತೆ, ಅಲ್ವಾ? ಒಂದು ಪ್ರಾಣಿ ಹುಷಾರಾಗಿದ್ದು ಸಾಕ್ಷಿಯಲ್ಲ. ಹಾಗಾಗಿ ಮುಂದಿನ ವರ್ಷಗಳಲ್ಲಿ ಸಂಶೋಧಕರು ಹೇಲು ಆರಿಸತೊಡಗಿದರು, ವಿಜ್ಞಾನದ ಬಹುಪಾಲು ಕೆಲಸ ಹೀಗೇ ಇರುತ್ತೆ. ಇದೇ ಗಿಡ ಜಗಿದ ಇನ್ನೊಂದು ಹೆಣ್ಣು ಚಿಂಪಾಂಜಿಯ ಹೇಲಿನಲ್ಲಿ ಗ್ರಾಮಿಗೆ 130 ಇದ್ದ ಹುಳದ ಮೊಟ್ಟೆ, 20 ಗಂಟೆಗಳಲ್ಲಿ 15ಕ್ಕೆ ಇಳಿದಿತ್ತು. ಈ ಹುಳ ಕರುಳಿನಲ್ಲಿ ಗಂಟು ಕಟ್ಟುವ ಜಾತಿಯದು, ಮಳೆಗಾಲದಲ್ಲಿ ಜಾಸ್ತಿ. ಚಿಂಪಾಂಜಿಗಳು ಈ ಕಹಿಯ ತಂಟೆಗೆ ಹೋಗುವುದೂ ಹೆಚ್ಚಾಗಿ ಮಳೆಗಾಲದಲ್ಲೇ, ಅದೂ ಹುಷಾರಿಲ್ಲದವು ಮಾತ್ರ. ಪಕ್ಕದಲ್ಲಿ ಕೂತ ಆರೋಗ್ಯವಂತ ಚಿಂಪಾಂಜಿಗಳು ಅತ್ತ ತಿರುಗಿಯೂ ನೋಡುವುದಿಲ್ಲ. ಕಾಯಿಲೆ ಬಿದ್ದ ತಾಯಿ ಬಿಸಾಕಿದ ಚೂರನ್ನು ಮರಿಗಳು ಒಮ್ಮೊಮ್ಮೆ ಬಾಯಿಗಿಟ್ಟು ನೋಡುತ್ತವೆ.

ನನಗೆ ಇದರಲ್ಲಿ ಹಿಡಿಸಿದ್ದು ಆ ಎಲೆ ಬಿಸಾಕಿದ್ದು. ಕೈಗೆ ಸುಲಭವಾಗಿ ಸಿಗುವುದು ಎಲೆಯೇ, ಆದರೂ ಅದನ್ನು ಬಿಟ್ಟು ಕಷ್ಟಪಟ್ಟು ಸಿಪ್ಪೆ ಸುಲಿದು ತಿರುಳಿಗೆ ಹೋಗುವುದೇಕೆ? ಜಪಾನಿನ ರಸಾಯನ ವಿಜ್ಞಾನಿಗಳು ಗಿಡವನ್ನು ಭಾಗಭಾಗವಾಗಿ ಪರೀಕ್ಷಿಸಿದಾಗ, ಎಲೆಯಲ್ಲಿ ವರ್ನೋಡಾಲಿನ್ ಎಂಬ ವಿಷದ ಅಂಶ ತುಂಬಾ ಇತ್ತು. ತಿರುಳಿನಲ್ಲಿ ವರ್ನೋನಿಯೋಸೈಡ್ ಬಿ1 ಎಂಬ, ಹುಳವನ್ನು ಹದ್ದುಬಸ್ತಿನಲ್ಲಿಡುವ ಅಂಶ ಸಿಕ್ಕಿತು. ಅಂದರೆ ಯಾವ ಗಿಡ ಎನ್ನುವುದಷ್ಟೇ ಅಲ್ಲ, ಗಿಡದ ಯಾವ ಭಾಗ, ಎಷ್ಟು ಎನ್ನುವುದರಲ್ಲಿ ಮದ್ದಿರುವುದು. ಮನುಷ್ಯರದ್ದು ಬೇರೆ ದಾರಿ: ಟೊಂಗ್ವೆ ಜನ ಎಲೆಯನ್ನು ನೀರಲ್ಲಿ ನೆನೆಸಿ ಆ ನೀರು ಕುಡಿಯುತ್ತಾರೆ. ಕ್ಯಾಮರೂನಿನಲ್ಲಿ ಇದೇ ಎಲೆಯನ್ನು ಮತ್ತೆ ಮತ್ತೆ ತೊಳೆದು ಹಿಂಡಿ, ಕಹಿ ಇಳಿಸಿ, ಕಡಲೆಕಾಯಿ ಬೀಜ ಅರೆದು ಹಾಕಿ 'ಎನ್‌ಡೊಲೆ' ಎಂಬ ಅಡುಗೆ ಮಾಡುತ್ತಾರೆ.

ನಮ್ಮ ಕಡೆಯ ಕಾಡುಜೀರಿಗೆಯೂ ಇದರ ನೆಂಟನೇ. ಹೆಸರಷ್ಟೇ ಜೀರಿಗೆ, ಒಗ್ಗರಣೆಗೆ ಹಾಕಿದರೆ ಸಾರು ಚೆಲ್ಲಬೇಕು, ಅಷ್ಟು ಕಹಿ. ಅದರ ಹಳೆಯ ಶಾಸ್ತ್ರೀಯ ಹೆಸರು ವರ್ನೋನಿಯಾ ಆಂಥೆಲ್ಮಿಂಟಿಕಾ. ಎರಡನೇ ಪದದ ಅರ್ಥ, ಜಂತುಹುಳಕ್ಕೆ ಮದ್ದು. ಹಾಗಂತ ಇದನ್ನು ಓದಿ ಮಕ್ಕಳಿಗೆ ಅಂದಾಜಿನಲ್ಲಿ ಅರೆದು ಕುಡಿಸಬೇಡಿ, ಹುಳದ ಮಾತ್ರೆ ಸಾಕು.

ಎಲ್ಲ ಮದ್ದೂ ರಸಾಯನವೇ ಆಗಬೇಕಿಲ್ಲ. ಚಿಂಪಾಂಜಿಗಳು ಆಸ್ಪಿಲಿಯಾ ಎಂಬ ಗಿಡದ ಒರಟು ಎಲೆಗಳನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಜಗಿಯದೆ, ಮಡಚಿ ನುಂಗುತ್ತವೆ. ಎಲೆಯಲ್ಲಿ ಯಾವುದೋ ಔಷಧಿ ಇರಬೇಕೆಂದು ಮೊದಲು ನಂಬಿದ್ದರು. ಕೊನೆಗೆ ನೋಡಿದರೆ ಎಲೆ ಇಡಿಯಾಗಿ ಹೊರಬರುತ್ತಿತ್ತು, ಜೊತೆಗೆ ಜೀವಂತ ಹುಳಗಳೂ! ಒರಟು ಎಲೆ ಕರುಳನ್ನು ಕೆರಳಿಸಿ ಹುಳಗಳನ್ನು ಗುಡಿಸಿ ಹಾಕುತ್ತಿತ್ತು, ಪೊರಕೆಯ ಹಾಗೆ.

ಇನ್ನು ಮೊಹಮೆದಿಯವರ ತಾತ, ಬಾಬು ಕಲುಂದೆ. ಊರಿನಲ್ಲಿ ಭೇದಿಯ ರೋಗ ಹರಡಿದ್ದ ಕಾಲದಲ್ಲಿ ಅವರ ಕಣ್ಣಿಗೆ ಕಾಯಿಲೆ ಬಿದ್ದ ಮುಳ್ಳುಹಂದಿ ಮರಿಯೊಂದು ಬಿತ್ತಂತೆ. ಅದು 'ಮುಲೆಂಗೆಲೆಲೆ' ಎಂಬ ಗಿಡದ ಬೇರು ಅಗೆದು ತಿಂದಿತು, ಬದುಕಿತು. ಊರವರಿಗೆ ಆ ಬೇರು ವಿಷ ಎಂದಷ್ಟೇ ಗೊತ್ತಿತ್ತು, ಯಾರೂ ಮುಟ್ಟಲು ಒಪ್ಪಲಿಲ್ಲ. ಆಗ ತಾತ ಮೊದಲು ತಾವೇ ತಿಂದು ತೋರಿಸಿದರು. ಟೊಂಗ್ವೆ ಜನ ಆ ಬೇರನ್ನು ಮದ್ದಾಗಿ ಬಳಸಲು ಶುರುಮಾಡಿದ್ದು ಆಮೇಲೆ.