ಕಾರ್ಮಿಕನ ಆರೋಗ್ಯ ಪುಸ್ತಕ: ಯಾರು ಬರೆಯಬೇಕು, ಯಾರ ಕೈಯಲ್ಲಿರಬೇಕು?

ಚಿತ್ರದುರ್ಗದ ಸುತ್ತಮುತ್ತ ಯಾವುದಾದರೂ ಕಲ್ಲು ಕ್ವಾರಿಯ ಎದುರು ನಿಂತರೆ ಕಾನೂನಿನ ಗೋಜಲು ಕಣ್ಣಿಗೇ ಕಾಣುತ್ತದೆ. ಗುಂಡಿಯೊಳಗೆ ಕಲ್ಲು ಒಡೆಯುವವನು ಗಣಿ ಕಾರ್ಮಿಕ. ಅವನ ಎದೆಯ ಎಕ್ಸ್‌ರೇ ಯಾವಾಗ ತೆಗೆಯಬೇಕೆಂಬುದನ್ನು ಕೇಂದ್ರದ ಗಣಿ ನಿಯಮಗಳು ಹೇಳುತ್ತವೆ. ಕೂಗಳತೆಯ ದೂರದ ಕ್ರಷರ್‌ನಲ್ಲಿ ಜಲ್ಲಿ ಸುರಿಯುವವನು, ಆ ಘಟಕ ಗಣಿಯ ಎಲ್ಲೆಯ ಹೊರಗಿದ್ದರೆ, ಕಾರ್ಖಾನೆ ಕಾರ್ಮಿಕ. ಅವನ ಆರೋಗ್ಯದ ಪುಸ್ತಕ ತಪಾಸಿಸಬೇಕಾದದ್ದು ರಾಜ್ಯದ ಇಲಾಖೆ. ಅದೇ ಕ್ರಷರ್‌ನಲ್ಲಿ ಒಂಬತ್ತೇ ಜನ ದುಡಿಯುತ್ತಿದ್ದರೆ, ಇಷ್ಟು ಕಾಲ ಅವನು ಸಾಮಾನ್ಯವಾಗಿ ಎರಡೂ ಆಗಿರಲಿಲ್ಲ. ಮೂವರೂ ಉಸಿರಾಡುವ ದೂಳು ಮಾತ್ರ ಒಂದೇ.

2025ರ ನವೆಂಬರ್ 21ರಂದು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ ಜಾರಿಗೆ ಬಂದು, ಹದಿಮೂರು ಹಳೆಯ ಕಾಯ್ದೆಗಳನ್ನು ತನ್ನೊಳಗೆ ಸೇರಿಸಿಕೊಂಡ ಮೇಲೆ, ಕಾರ್ಮಿಕರ ಆರೋಗ್ಯದ ಯಾವ ರಿಜಿಸ್ಟರ್ ಉಳಿಯಿತು, ಯಾವುದು ಹೋಯಿತು ಎಂಬ ಪ್ರಶ್ನೆ ಮತ್ತೆ ಎದ್ದಿದೆ. ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1881ರ ಮೊದಲ ಕಾರ್ಖಾನೆ ಕಾಯ್ದೆಯ ಮುಖ್ಯ ಕಾಳಜಿ ಮಕ್ಕಳ ದುಡಿಮೆಯ ಅವಧಿಯಾಗಿತ್ತು. 1923ರ ಪರಿಹಾರ ಕಾಯ್ದೆ, ಕೆಲಸದಿಂದ ಬಂದ ರೋಗವೂ ಗಾಯದಷ್ಟೇ ಪರಿಹಾರಕ್ಕೆ ಅರ್ಹವೆಂದು ಒಪ್ಪಿ, ಅಂಥ ರೋಗಗಳ ಪಟ್ಟಿಯನ್ನು ಇಟ್ಟುಕೊಂಡಿತು. ಆದರೆ ಆ ಪಟ್ಟಿಯ ಕೆಲವು ರೋಗಗಳಿಗೆ ಒಬ್ಬನೇ ಮಾಲೀಕನ ಬಳಿ ಸತತ ಆರು ತಿಂಗಳು ದುಡಿದಿರಬೇಕೆಂಬ ಷರತ್ತಿತ್ತು. ದುಡಿದದ್ದು ಸಾಲದು, ದುಡಿದದ್ದು ಕಾಗದದ ಮೇಲೂ ಇರಬೇಕು. 1948ರ ಕಾರ್ಖಾನೆ ಕಾಯ್ದೆ 89ನೇ ಕಲಮಿನಲ್ಲಿ ವರದಿಯ ಹೊಣೆಯನ್ನು ವೈದ್ಯರ ಮೇಲೂ ಹೊರಿಸಿತು: ಪಟ್ಟಿಯಲ್ಲಿರುವ ರೋಗ ಕಾರ್ಮಿಕನಿಗೆ ಬಂದಿದೆಯೆಂದು ಕಂಡರೆ ಅವರು ಮುಖ್ಯ ನಿರೀಕ್ಷಕರಿಗೆ ಲಿಖಿತವಾಗಿ ತಿಳಿಸಬೇಕು. ರೋಗ ದೃಢಪಟ್ಟರೆ ವೈದ್ಯರಿಗೆ ಶುಲ್ಕ ಕೊಟ್ಟು, ಅದನ್ನು ಕಾರ್ಖಾನೆಯ ಅಧಿಭೋಗದಾರರಿಂದ (ಅದನ್ನು ನಡೆಸುವ ಹೊಣೆ ಹೊತ್ತವರಿಂದ) ಭೂಕಂದಾಯದ ಬಾಕಿಯಂತೆ ವಸೂಲಿ ಮಾಡುವ ಅವಕಾಶವೂ ಅಲ್ಲಿತ್ತು. ಕಾನೂನು ಬರೆದವರು ಎಷ್ಟು ದೂರ ಯೋಚಿಸಿದ್ದರು ಎಂದು ಅಚ್ಚರಿಯಾಗುತ್ತದೆ. ಕಲ್ಲಿನ ದೂಳಿನಿಂದ ಶ್ವಾಸಕೋಶ ಕೆಡುವ ಸಿಲಿಕೋಸಿಸ್‌ನ ರೋಗಿ ಕೆಮ್ಮುತ್ತ ಬಂದಾಗ ಟಿಬಿ ಎಂದು ಬರೆದು ಕಳಿಸುವುದು ಸುಲಭವಾಗಿರುವಷ್ಟು ಕಾಲ, ಆ ಯೋಚನೆ ಕಡತದ ತನಕ ಬರುವುದು ಕಷ್ಟ.

ಗಣಿಗಳಲ್ಲಿ ದಾರಿ ಬೇರೆ. 1952ರ ಗಣಿ ಕಾಯ್ದೆ ಮತ್ತು 1955ರ ನಿಯಮಗಳು ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ಐದು ವರ್ಷ ಮೀರದಂತೆ ಮತ್ತೆ ಮತ್ತೆ ವೈದ್ಯಕೀಯ ತಪಾಸಣೆ ಕೇಳಿದವು. ಗಣಿಗಳಲ್ಲಿ 'ಫಾರಂ ಓ' ಎನ್ನುವುದು ಆ ತಪಾಸಣೆಯ ಪ್ರಮಾಣಪತ್ರವನ್ನೇ. ಮ್ಯಾಂಗನೀಸ್ ವಿಷಬಾಧೆಯೂ ಅಧಿಸೂಚಿತ ರೋಗ, ಅಂದರೆ ಕಂಡರೆ ಸರ್ಕಾರಕ್ಕೆ ವರದಿ ಮಾಡಲೇಬೇಕಾದದ್ದು. ಮ್ಯಾಂಗನೀಸ್ ಅದಿರು ಸಿಗುವ ಚಿತ್ರದುರ್ಗ ಜಿಲ್ಲೆಗೆ ಇದು ದೂರದ ಮಾತಲ್ಲ.

ಎಲ್ಲ ಬದಲಾದದ್ದು 1984ರ ಡಿಸೆಂಬರಿನಲ್ಲಿ ಭೋಪಾಲದ ಆ ರಾತ್ರಿಯ ನಂತರ. 1987ರ ತಿದ್ದುಪಡಿ ಕಾರ್ಖಾನೆ ಕಾಯ್ದೆಗೆ ಹೊಸದೊಂದು ಅಧ್ಯಾಯವನ್ನೇ ಸೇರಿಸಿತು. ಅದರ 41ಬಿ ಕಲಮಿನ ಪ್ರಕಾರ ಅಪಾಯಕಾರಿ ಪ್ರಕ್ರಿಯೆಯ ವಿವರವನ್ನು ಕಾರ್ಮಿಕರಿಗೂ, ಸುತ್ತಲಿನ ಜನರಿಗೂ ತಿಳಿಸಬೇಕಾಯಿತು. 41ಎಫ್ ಗಾಳಿಯಲ್ಲಿ ಯಾವ ವಿಷ ಎಷ್ಟಿರಬಹುದೆಂಬ ಮಿತಿ ಹಾಕಿತು. 41ಜಿ ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರಿಗೆ ಸಮ ಪ್ರಾತಿನಿಧ್ಯ ಕೊಟ್ಟಿತು. ಈ ಲೇಖನದ ಮಟ್ಟಿಗೆ ಮುಖ್ಯವಾದದ್ದು 41ಸಿ. ರಾಸಾಯನಿಕ ಅಥವಾ ವಿಷವಸ್ತುಗಳ ಸಂಪರ್ಕಕ್ಕೆ ಬರುವ ಪ್ರತಿ ಕಾರ್ಮಿಕನ ನಿಖರವಾದ ಆರೋಗ್ಯ ದಾಖಲೆ ಇಡಬೇಕು, ಆ ಕೆಲಸಕ್ಕೆ ಹಚ್ಚುವ ಮೊದಲು, ಕೆಲಸದಲ್ಲಿರುವಾಗ ಹನ್ನೆರಡು ತಿಂಗಳಿಗೊಮ್ಮೆಯಾದರೂ, ಅಷ್ಟೇ ಅಲ್ಲ, ಆ ಕೆಲಸ ಬಿಟ್ಟ ಮೇಲೂ ಅವನನ್ನು ತಪಾಸಣೆಗೆ ಒಳಪಡಿಸಬೇಕು, ದಾಖಲೆ ಅವನಿಗೆ ನೋಡಲು ಸಿಗುವಂತಿರಬೇಕು ಎಂದಿತು ಅದು. 'ಸಿಗುವಂತಿರಬೇಕು' ಎಂದಿತೇ ಹೊರತು ಒಂದು ಪ್ರತಿ ಅವನ ಕೈಗೆ ತಾನಾಗಿಯೇ ಬರಬೇಕು ಎನ್ನಲಿಲ್ಲ. ಪುಸ್ತಕ ಕಚೇರಿಯ ಬೀರುವಿನಲ್ಲಿ, ಕಾರ್ಮಿಕ ಯಂತ್ರದ ಮುಂದೆ. ಕೇಳಿ ಪಡೆಯುವ ಧೈರ್ಯ ಅವನದೇ ಆಗಿರಬೇಕಾಯಿತು. ಇಲಾಖೆಯವರ ತಪಾಸಣೆಯ ದಿನ ಸಮೀಪಿಸಿದಾಗ ವರ್ಷದ ಅಷ್ಟೂ ಸಾಲುಗಳು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ತುಂಬಿಹೋಗುವುದನ್ನು ಕಂಡವರಿಗೆ ಈ ಪುಸ್ತಕ ಯಾರ ಸಲುವಾಗಿ ಇದೆ ಎಂಬ ಸಂಶಯ ಬರದಿರದು.

1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ರಾಸಾಯನಿಕದ ಅಪಾಯಗಳನ್ನು ತಿಳಿಸುವ ಸುರಕ್ಷತಾ ಮಾಹಿತಿ ಪತ್ರವನ್ನು ಕಡ್ಡಾಯ ಮಾಡಿದವು. ಡ್ರಮ್ಮಿನ ಜೊತೆ ಬರುವ ಆ ಹಾಳೆಗಳು ಬಹುಪಾಲು ಇಂಗ್ಲಿಷಿನಲ್ಲೇ ಇರುತ್ತವೆ.

1995ರ ಜನವರಿಯಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಉದ್ಯಮದ ಕಾರ್ಮಿಕರ ದಾಖಲೆಗಳನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಯ್ದಿಡಬೇಕು ಎಂದಿತು. ರೋಗ ಬರುವಷ್ಟು ಕಾಲ ಕಾಗದವೂ ಬದುಕಿರಬೇಕೆಂಬ ಈ ಲೆಕ್ಕ ಹತ್ತಿ ದೂಳಿಗೂ ಸಲ್ಲಬೇಕಿತ್ತು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯಲ್ಲಿ ಗಿರಣಿಗಳ ನೂಲಿನ ವಿಭಾಗಗಳಲ್ಲಿ ದುಡಿದವರಿಗೆ, ಹತ್ತಿ ದೂಳಿನಿಂದ ಬರುವ ಶ್ವಾಸಕೋಶದ ರೋಗಕ್ಕೆ ಇರುವ ಬೈಸಿನೋಸಿಸ್ ಎಂಬ ಹೆಸರು ಗೊತ್ತಿರಲಿಕ್ಕಿಲ್ಲ. ವಾರದ ರಜೆ ಮುಗಿಸಿ ಬಂದ ದಿನ ಎದೆ ಬಿಗಿಯುವುದೇ ಅದರ ಮೊದಲ ಲಕ್ಷಣ. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಬೀರು ಇದ್ದ ಕಟ್ಟಡವೇ ಇಲ್ಲದ ಮೇಲೆ ಪುಸ್ತಕ ತೋರಿಸಿ ಎಂದು ಯಾರನ್ನು ಕೇಳುವುದು?

ಅತ್ತ 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. 2013ರಲ್ಲಿ ಅದು ಷರತ್ತುಗಳೊಂದಿಗೆ ಮತ್ತೆ ಶುರುವಾಗುವ ಹೊತ್ತಿಗೆ ಭೂಮಿಗೆ, ಹಳ್ಳಕ್ಕೆ, ಕಾಡಿಗೆ ಆದ ಹಾನಿಯನ್ನು ಒಂದೊಂದು ಗಣಿ ಗುತ್ತಿಗೆಗೂ ಬೇರೆ ಬೇರೆಯಾಗಿ ಅಳೆದು ಪುನಶ್ಚೇತನ ಯೋಜನೆಗಳನ್ನು ಬರೆಯಲಾಯಿತು. ಅಗತ್ಯವಾದ ಕೆಲಸವೇ. ಅಷ್ಟೇ ಶ್ರದ್ಧೆಯಿಂದ ಶ್ವಾಸಕೋಶಗಳ ಲೆಕ್ಕ ಕೇಳುವ ಮಾತು ಆಗ ಹೆಚ್ಚು ಕೇಳಿಬರಲಿಲ್ಲ.

ಈಗಿನ ಸಂಹಿತೆಯಲ್ಲಿ ಎರಡು ಎಳೆಗಳಿವೆ. ಒಂದು ಕಡೆ, ಪ್ರತಿ ಉದ್ಯೋಗಿಗೆ ನೇಮಕಾತಿ ಪತ್ರ ಕೊಡಬೇಕು, ನಿಗದಿತ ವರ್ಗದವರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸಬೇಕು. ಕಾರ್ಮಿಕನ ಹೆಸರು ಕೊನೆಗೂ ಅವನ ಕೈಯಲ್ಲೇ ಇರುವ ಕಾಗದವೊಂದಕ್ಕೆ ಬರುತ್ತದೆ. ಇನ್ನೊಂದು ಕಡೆ, 'ಕಾರ್ಖಾನೆ' ಎನಿಸಿಕೊಳ್ಳಲು ವಿದ್ಯುತ್ ಬಳಸುವಲ್ಲಿ ಹತ್ತರ ಬದಲು ಇಪ್ಪತ್ತು, ಬಳಸದಲ್ಲಿ ಇಪ್ಪತ್ತರ ಬದಲು ನಲವತ್ತು ಜನರಿರಬೇಕು. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಮನೆಮಂದಿಯೂ ಕೂಲಿಯವರೂ ಸೇರಿ ಹೊಗೆಯಲ್ಲಿ ನಿಂತು ಹುರಿಯುವವರ ಸಂಖ್ಯೆ ಹಳೆಯ ಮಿತಿಯನ್ನೇ ಮುಟ್ಟುತ್ತಿರಲಿಲ್ಲ. ಆದರೆ ಜೀವಕ್ಕೆ ಅಪಾಯ ತರುವ ಕೆಲಸವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಕಡೆ, ಜನ ಎಷ್ಟೇ ಕಡಿಮೆಯಿದ್ದರೂ ಸಂಹಿತೆ ಅನ್ವಯಿಸಬಹುದೆಂದು ಅದರಲ್ಲೇ ಇದೆ. ಭಟ್ಟಿಯೂ ಒಂಬತ್ತು ಜನರ ಕ್ರಷರ್ರೂ ಲೆಕ್ಕಕ್ಕೆ ಬರುವುದು, ಬಾರದಿರುವುದು ಆ ಅಧಿಸೂಚನೆಯಲ್ಲಿ ಏನು ಬರೆಯುತ್ತಾರೆ ಎಂಬುದರ ಮೇಲೆ ನಿಂತಿದೆ.