ರೊಟ್ಟಿ ಅಜ್ಜಿಗೆ ಒಂದು ಚೀಟಿ

ಧಾರವಾಡದ ನಮ್ಮ ಮನೆಗೆ ದಿನಾ ಜೋಳದ ರೊಟ್ಟಿ ಕೊಡುವ ಅಜ್ಜಿಯೊಬ್ಬರಿದ್ದಾರೆ. ಅವರಿಗೊಂದು ಥ್ಯಾಂಕ್ಸ್ ಚೀಟಿ ಬರಿ ಅಂತ ಎಂಟು ವರ್ಷದ ಮಗಳನ್ನು ಕೂರಿಸಿದೆ. ಎರಡೇ ನಿಮಿಷಕ್ಕೆ ಮುಗಿಸಿದಳು: 'ರೊಟ್ಟಿಗೆ ಧನ್ಯವಾದಗಳು.' ಕೆಳಗೊಂದು ಹೂವು.

ತಪ್ಪು ಅವಳದಲ್ಲ ಬಿಡಿ. ಚಹಾ ಕೊಟ್ಟ ಅವ್ವನಿಗೆ 'ಧನ್ಯವಾದ' ಅಂದು ನೋಡಿ, ಜ್ವರ ಬಂದಿದೆಯಾ ಅಂತ ಹಣೆ ಮುಟ್ಟುತ್ತಾಳೆ. ಇದು ನಮ್ಮ ಮನೆ ಕಥೆ ಮಾತ್ರ ಅಲ್ಲ. ಐದು ಖಂಡಗಳ ಎಂಟು ಭಾಷೆಗಳ ದಿನನಿತ್ಯದ ಮಾತನ್ನು ಗಮನಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಕೇಳಿದ ಸಹಾಯ ಸಿಕ್ಕಾಗ ಜನ ಬಾಯಿಬಿಟ್ಟು ಥ್ಯಾಂಕ್ಸ್ ಅಂದದ್ದು ಸುಮಾರು 20 ಸಲಕ್ಕೆ ಒಮ್ಮೆ. ಈಕ್ವೆಡಾರ್‌ನ ಚಾಪಲಾ ಭಾಷೆಯಲ್ಲಂತೂ ಅದಕ್ಕೊಂದು ಮಾತೇ ಇಲ್ಲ. ಹಾಗಂತ ಅವರು ಒಬ್ಬರಿಗೊಬ್ಬರು ನೆರವಾಗುವುದಿಲ್ಲವೇ? ಆಗುತ್ತಾರೆ.

ಅಮೆರಿಕದ ಮನಃಶಾಸ್ತ್ರಜ್ಞ ಜೆಫ್ರಿ ಫ್ರೋ ಮತ್ತು ಸಂಗಡಿಗರು 8ರಿಂದ 11 ವರ್ಷದ ಶಾಲಾಮಕ್ಕಳಿಗೆ ಬೇರೆಯದೇ ಪಾಠ ಮಾಡಿದರು. ಯಾರಾದರೂ ಸಹಾಯ ಮಾಡಿದರೆ ಮೂರು ವಿಷಯ ಯೋಚಿಸಬೇಕು. ಬೇಕಂತಲೇ ಮಾಡಿದರಾ? ಅದಕ್ಕೆ ಅವರು ಎಷ್ಟು ಕಷ್ಟಪಟ್ಟರು? ನಮಗೇನು ಒಳ್ಳೆಯದಾಯಿತು? ಈ ಪಾಠ ಕೇಳಿದ ಮಕ್ಕಳು, ಕೇಳದವರಿಗಿಂತ ಜಾಸ್ತಿ ಥ್ಯಾಂಕ್ಸ್ ಚೀಟಿ ಬರೆದರು. 2014ರಲ್ಲಿ ಪ್ರಕಟವಾದ ಪ್ರಯೋಗ ಇದು.

ನಾನೂ ಮಗಳಿಗೆ ಅದನ್ನೇ ಕೇಳಿದೆ.

"ರೊಕ್ಕ ಕೊಡ್ತೀವಲ್ಲ ಮಮ್ಮಿ, ಮತ್ಯಾಕ ಥ್ಯಾಂಕ್ಸ್?" ಅಂದಳು. ಸರಿಯಾದ ಪ್ರಶ್ನೆಯೇ. ಆಮೇಲೆ ತಾನೇ ನೆನಪಿಸಿಕೊಂಡಳು: ರೊಟ್ಟಿ ಗಂಟಿನ ಮೇಲೆ ದಿನಾ ಅಂಗೈಯಷ್ಟು ಅಗಲದ ಒಂದು ಪುಟ್ಟ ರೊಟ್ಟಿ ಇರುತ್ತದೆ, ಅವಳಿಗಂತ. ಅದು ಲೆಕ್ಕದಲ್ಲಿಲ್ಲ.

ಎರಡನೇ ಚೀಟಿಗೆ ಅರ್ಧ ತಾಸು ಹಿಡಿಯಿತು. 'ಅಜ್ಜಿ, ನೀವು ಐದಕ್ಕ ಏಳ್ತೀರಿ. ನಾನು ಮಲಗಿರ್ತೀನಿ. ಸಣ್ಣ ರೊಟ್ಟಿ ನಾನು ಯಾರಿಗೂ ಕೊಡಂಗಿಲ್ಲ.' ಬರೆಯುವುದರ ಉಪಯೋಗ ಈ ನಿಧಾನದಲ್ಲೇ ಇದೆ ಅನ್ನಿಸುತ್ತದೆ ನನಗೆ. ಬಾಯಲ್ಲಾದರೆ ಥ್ಯಾಂಕ್ಸ್ ಅಂದು ಓಡಿಬಿಡಬಹುದು. ಪೆನ್ಸಿಲ್ ಹಿಡಿದರೆ ಎದುರಿಗಿನವರ ಬೆಳಗನ್ನು ಊಹಿಸಬೇಕಾಗುತ್ತದೆ.

ಕೊಡುವ ಹೊತ್ತಿಗೆ ಹಿಂಜರಿದಳು, "ನಗ್ತಾರೇನೋ" ಅಂತ. ದೊಡ್ಡವರೂ ಹೀಗೇ. ಸಂಶೋಧಕರಾದ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಜನರಿಂದ ಥ್ಯಾಂಕ್ಸ್ ಪತ್ರ ಬರೆಸಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಪತ್ರ ಪಡೆದವರಿಗೆ ಮುಜುಗರವಾದೀತು ಅಂತ ಬರೆದವರು ಸುಮ್ನೆ ಜಾಸ್ತಿ ಹೆದರಿದ್ದರು. ಪಡೆದವರಿಗಾಗುವ ಖುಷಿಯನ್ನು ಕಡಿಮೆ ಅಂದಾಜು ಮಾಡಿದ್ದರು.

ಅಜ್ಜಿ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ನನಗ ಓದಾಕ ಬರಂಗಿಲ್ಲ, ನೀನ ಓದವಾ" ಅಂದರು. ಮಗಳು ಓದತೊಡಗಿದಳು. ಮೊದಲ ಸಾಲಿಗೇ ತಡೆದರು.

"ಐದಕ್ಕಲ್ಲವಾ, ನಾಕಕ್ಕ."

ಮಗಳು ಒಳಗೆ ಓಡಿದಳು, ರಬ್ಬರ್ ತರಲು.