ತಣ್ಣಗಿನ ತಳದಲ್ಲಿ ಉಸಿರಿಲ್ಲ

1932ರ ಜೂನ್ 2ರಂದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರಿ ಎಂಬವರ ಗಾಳಕ್ಕೆ ಸಿಕ್ಕಿದ ಲಾರ್ಜ್‌ಮೌತ್ ಬ್ಯಾಸ್ ಎಂಬ ಸಿಹಿನೀರಿನ ಬೇಟೆಗಾರ ಮೀನು 10 ಕಿಲೋಗ್ರಾಂಗಿಂತ ತುಸು ಹೆಚ್ಚು ತೂಗಿತು. ಆ ದಾಖಲೆಯನ್ನು ಸರಿಗಟ್ಟಲು 77 ವರ್ಷ ಬೇಕಾಯಿತು. 2009ರ ಜುಲೈ 2ರಂದು ಜಪಾನಿನ ಬಿವಾ ಸರೋವರದಲ್ಲಿ ಮನಬು ಕುರಿಟಾ ಹಿಡಿದ ಮೀನಿನ ತೂಕ ಪೆರಿಯ ಮೀನಿಗಿಂತ ಹೆಚ್ಚಿತ್ತು, ಆದರೆ ಆ ಹೆಚ್ಚಳ 30 ಗ್ರಾಂ ಕೂಡ ಇರಲಿಲ್ಲ. ಅಷ್ಟು ಸಣ್ಣ ಅಂತರವನ್ನು ನಿಯಮ ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ವಿಶ್ವದಾಖಲೆ ಇಬ್ಬರ ಹೆಸರಿನಲ್ಲೂ ಇದೆ. ಎರಡು ಮೀನುಗಳೂ ಸಿಕ್ಕಿದ್ದು ಬೇಸಿಗೆಯಲ್ಲಿ. ಇಷ್ಟಾದರೂ ಸೆಖೆ ಏರಿದೊಡನೆ ಬ್ಯಾಸ್ ಸರೋವರದ ತಣ್ಣಗಿನ ತಳಕ್ಕೆ ಇಳಿದು, ಬಾಯಿ ಮುಚ್ಚಿಕೊಂಡು, ಮಳೆ ಬೀಳುವವರೆಗೆ ಅಲ್ಲೇ ಬಿದ್ದಿರುತ್ತದೆ ಎಂಬ ನಂಬಿಕೆ ಗಾಳ ಹಾಕುವವರಲ್ಲಿ ಅಚ್ಚಳಿಯದೆ ಉಳಿದಿದೆ. ಈ ನಂಬಿಕೆಯ ಹಿಂದಿರುವ ತರ್ಕ ನಮ್ಮ ಮೈಯದು, ಮೀನಿನದಲ್ಲ. ನಮಗೆ ಸೆಖೆಯಾದರೆ ತಂಪು ಬೇಕು, ಆದ್ದರಿಂದ ಮೀನಿಗೂ ಅದೇ ಬೇಕು ಎಂದು ನಾವು ಊಹಿಸಿಕೊಳ್ಳುತ್ತೇವೆ.

ಬ್ಯಾಸ್ ನಿಜವಾಗಿ ಎಲ್ಲಿರುತ್ತದೆ ಎಂದು ತಿಳಿಯಬೇಕಾದರೆ ಮೊದಲು ನೀರನ್ನು ಅರ್ಥ ಮಾಡಿಕೊಳ್ಳಬೇಕು. ನೀರಿನ ಸಾಂದ್ರತೆ ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗರಿಷ್ಠ ಮಟ್ಟದಲ್ಲಿರುತ್ತದೆ ಎಂಬುದನ್ನು ಎಡಿನ್‌ಬರೋದ ಥಾಮಸ್ ಚಾರ್ಲ್ಸ್ ಹೋಪ್ 1805ರಲ್ಲಿ ಪ್ರಕಟಿಸಿದ ಸರಳವಾದ ಪ್ರಯೋಗವೊಂದರಿಂದ ತೋರಿಸಿಕೊಟ್ಟರು: ಎತ್ತರದ ಪಾತ್ರೆಯೊಂದರ ನಡುಭಾಗವನ್ನು ಮಾತ್ರ ತಣಿಸುತ್ತ, ಮೇಲೊಂದು ಮತ್ತು ಕೆಳಗೊಂದು ತಾಪಮಾಪಕವನ್ನಿಟ್ಟು, ತಣಿದ ನೀರು ಯಾವ ಹಂತದವರೆಗೆ ಕೆಳಗಿಳಿಯುತ್ತದೆ, ಯಾವಾಗ ಮೇಲೇರತೊಡಗುತ್ತದೆ ಎಂದು ನೋಡಿದರು. ಶಾಲೆಯ ಪುಸ್ತಕಗಳು ಈ 4 ಡಿಗ್ರಿಯ ಮಾತನ್ನು ಹೇಳಿ ಸುಮ್ಮನಾಗುತ್ತವೆ. ಬೇಸಿಗೆಯ ಸರೋವರಕ್ಕೆ ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ನೀರು ಬೆಚ್ಚಗಾದಂತೆಲ್ಲ ಪ್ರತಿ ಡಿಗ್ರಿಗೂ ಅದು ಹಗುರವಾಗುವ ಪ್ರಮಾಣವೇ ಹೆಚ್ಚುತ್ತ ಹೋಗುತ್ತದೆ. ನೀರಿನ ಉಷ್ಣತೆ 24ರಿಂದ 25 ಡಿಗ್ರಿಗೆ ಏರಿದಾಗ ಸಾಂದ್ರತೆಯಲ್ಲಿ ಆಗುವ ಇಳಿಕೆ, 4ರಿಂದ 5 ಡಿಗ್ರಿಗೆ ಏರಿದಾಗ ಆಗುವ ಇಳಿಕೆಯ ಸುಮಾರು 30 ಪಟ್ಟು. ಹೀಗಾಗಿ ವಸಂತದ ಆರಂಭದಲ್ಲಿ ಸಾಧಾರಣ ಗಾಳಿಯೇ ಇಡೀ ಸರೋವರವನ್ನು ತಳದವರೆಗೆ ಕಲಕಬಲ್ಲುದಾದರೂ, ಬೇಸಿಗೆ ಬಲಿತ ಮೇಲೆ ಬಿರುಗಾಳಿಗೂ ಅದು ಸಾಧ್ಯವಾಗುವುದಿಲ್ಲ. ಮೇಲಿನ ಬೆಚ್ಚಗಿನ ನೀರು ಕೆಳಗಿನ ತಣ್ಣೀರಿನ ಮೇಲೆ ಪ್ರತ್ಯೇಕ ಪದರವಾಗಿ ನಿಲ್ಲುತ್ತದೆ. ಎರಡರ ನಡುವೆ ಉಷ್ಣತೆ ಥಟ್ಟನೆ ಕುಸಿಯುವ ತೆಳುವಾದ ಸ್ತರವೊಂದು ಉಂಟಾಗುತ್ತದೆ. ಇದೇ ಥರ್ಮೋಕ್ಲೈನ್.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮೆಂಡೋಟಾ ಸರೋವರದ ಸೂಕ್ಷ್ಮ ಜೀವಿಗಳನ್ನು ಅಧ್ಯಯನ ಮಾಡುತ್ತಿದ್ದ ಎಡ್ವರ್ಡ್ ಬರ್ಜ್ 1897ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಆ ಜೀವಿಗಳು ಬೇಸಿಗೆಯಲ್ಲಿ ಒಂದು ಆಳದಿಂದ ಕೆಳಗೆ ಕಾಣೆಯಾಗುತ್ತಿದ್ದವು. ಏಕೆಂಬ ಪ್ರಶ್ನೆಯನ್ನು ಅವರು ಬೆನ್ನು ಹತ್ತಿದರು. ಬರ್ಜ್ ಮತ್ತು ಅವರ ಸಹೋದ್ಯೋಗಿ ಚಾನ್ಸಿ ಜ್ಯೂಡೇ ವಿಸ್ಕಾನ್ಸಿನ್‌ನ ಅನೇಕ ಸರೋವರಗಳ ನೀರಿನಲ್ಲಿ ಕರಗಿದ ಅನಿಲಗಳನ್ನು ಅಳೆದು 1911ರಲ್ಲಿ ಪ್ರಕಟಿಸಿದ ವರದಿಯಲ್ಲಿ ಉತ್ತರವಿತ್ತು. ಪೋಷಕಾಂಶಗಳು ತುಂಬಿದ ಸರೋವರಗಳಲ್ಲಿ ಬೇಸಿಗೆಯ ನಡುವಿನ ಹೊತ್ತಿಗೆ ಥರ್ಮೋಕ್ಲೈನ್‌ನ ಕೆಳಗೆ ಆಮ್ಲಜನಕವೇ ಉಳಿದಿರುವುದಿಲ್ಲ.

ಇದು ಏಕೆ ಹೀಗೆ? ನೀರಿಗೆ ಆಮ್ಲಜನಕ ಬರುವುದು ಗಾಳಿಯಿಂದ ಮತ್ತು ಬೆಳಕಿರುವಲ್ಲಿ ಬೆಳೆಯುವ ಪಾಚಿ, ಸಸ್ಯಗಳಿಂದ. ಎರಡೂ ಮೂಲಗಳಿರುವುದು ಮೇಲಿನ ಪದರದಲ್ಲಿ. ತಳದ ನೀರು ವಸಂತದಲ್ಲಿ ಬಾಗಿಲು ಮುಚ್ಚಿದ ಕಣಜದಂತೆ: ಆಗ ತುಂಬಿಕೊಂಡಷ್ಟೇ ಅದರ ಬಂಡವಾಳ, ಶರತ್ಕಾಲದಲ್ಲಿ ಮೇಲಿನ ನೀರು ತಣಿದು ಪದರಗಳು ಬೆರೆಯುವವರೆಗೆ ಹೊಸದಾಗಿ ಒಂದು ಕಾಳೂ ಒಳಗೆ ಬೀಳುವುದಿಲ್ಲ. ಇತ್ತ ಮೇಲಿನಿಂದ ಸತ್ತ ಪಾಚಿ ಮತ್ತು ಇತರ ಕಸ ಎಡೆಬಿಡದೆ ಕೆಳಗೆ ಬೀಳುತ್ತಲೇ ಇರುತ್ತದೆ, ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಇದ್ದಷ್ಟು ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ತಣ್ಣೀರು ಬಿಸಿನೀರಿಗಿಂತ ಹೆಚ್ಚು ಆಮ್ಲಜನಕವನ್ನು ಹಿಡಿದಿಡಬಲ್ಲದು ಎಂಬ ಮಾತು ಸತ್ಯವೇ. ಲೀಟರಿಗೆ 0 ಡಿಗ್ರಿಯಲ್ಲಿ ಸುಮಾರು 14.6 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ. ಆದರೆ ಇದು ನೀರಿನ ಸಾಮರ್ಥ್ಯದ ಲೆಕ್ಕವೇ ಹೊರತು ಅದರಲ್ಲಿ ಇರುವುದರ ಲೆಕ್ಕವಲ್ಲ. "ತಳದ ನೀರು ತಣ್ಣಗಿದೆ, ಆದ್ದರಿಂದ ಅಲ್ಲಿ ಪ್ರಾಣವಾಯು ಹೇರಳ" ಎಂದು ವಾದಿಸುವವರು ಸಾಮರ್ಥ್ಯವನ್ನೇ ದಾಸ್ತಾನು ಎಂದು ಭಾವಿಸಿಕೊಂಡಿದ್ದಾರೆ.

ಎಲ್ಲ ಸರೋವರಗಳ ತಳವೂ ಹೀಗೆ ಬರಿದಾಗುವುದಿಲ್ಲ. ಆಳವಾದ, ತಿಳಿನೀರಿನ, ಪಾಚಿ ಕಡಿಮೆಯಿರುವ ಸರೋವರಗಳಲ್ಲಿ ಬೇಸಿಗೆಯುದ್ದಕ್ಕೂ ಕೆಳಗೆ ಆಮ್ಲಜನಕವಿರುತ್ತದೆ, ಟ್ರೌಟ್‌ನಂಥ ತಣ್ಣೀರಿನ ಮೀನುಗಳು ಅಲ್ಲಿ ನೆಮ್ಮದಿಯಾಗಿರುತ್ತವೆ. ಲಾರ್ಜ್‌ಮೌತ್ ಬ್ಯಾಸ್ ಮಾತ್ರ ಅಲ್ಲಿಯೂ ತಳದ ಕಡೆ ಸುಳಿಯುವುದು ಕಡಿಮೆ. ಏಕೆಂದರೆ ಅದು ಬೆಚ್ಚಗಿನ ನೀರಿನ ಮೀನು. ಅದರ ಹಸಿವು ಪರಾಕಾಷ್ಠೆಗೆ ಏರುವುದು ಸುಮಾರು 27 ಡಿಗ್ರಿಯ ಆಸುಪಾಸಿನಲ್ಲಿ. ಶೀತರಕ್ತದ ಪ್ರಾಣಿಯಾದ್ದರಿಂದ ನೀರು ಬೆಚ್ಚಗಾದಷ್ಟೂ ಅದರ ಜೀರ್ಣಕ್ರಿಯೆ ಚುರುಕಾಗುತ್ತದೆ, ಉಸಿರಾಟದ ಬೇಡಿಕೆ ಏರುತ್ತದೆ, ಬದುಕುವುದಕ್ಕಷ್ಟೇ ಬೇಕಾಗುವ ಆಹಾರದ ಪ್ರಮಾಣವೂ ಹೆಚ್ಚುತ್ತದೆ. ಉಪವಾಸ ಬಿದ್ದಿರುವುದು ಚಳಿಗಾಲದಲ್ಲಾದರೆ ಅದಕ್ಕೆ ಅಗ್ಗ. ಬೇಸಿಗೆಯಲ್ಲಿ ಅದು ದುಬಾರಿ.

ಹಾಗಾದರೆ ನಡುಬೇಸಿಗೆಯಲ್ಲಿ ಗಾಳಕ್ಕೆ ಏನೂ ಸಿಗದ ದಿನಗಳು ಬರುವುದು ಹೇಗೆ ಎಂದು ಕೇಳಬಹುದು. ಮೀನಿನ ಹೊಟ್ಟೆ ಬೇಗ ತುಂಬುತ್ತದೆ ಎಂಬುದು ಉತ್ತರದ ಒಂದು ಭಾಗ. ಈ ಕಾಲದಲ್ಲಿ ಬ್ಯಾಸ್‌ಗೆ ಆಹಾರವಾಗುವ ಶ್ಯಾಡ್‌ನಂಥ ಸಣ್ಣ ಮೀನುಗಳು ಮೇಲಿನ ಪದರದಲ್ಲಿ ಹಿಂಡುಹಿಂಡಾಗಿರುತ್ತವೆ, ಬ್ಯಾಸ್ ಸ್ವಲ್ಪ ಹೊತ್ತು ಆವೇಶದಿಂದ ತಿಂದು ಆಮೇಲೆ ಸುಮ್ಮನಾಗುತ್ತದೆ. ಬೆಳಗಿನ ಜಾವದಲ್ಲಿ ಮೀನು ಚೆನ್ನಾಗಿ ಸಿಗುವುದಕ್ಕೆ ನೀರು ತಂಪಾಗಿ ಆಮ್ಲಜನಕ ಹೆಚ್ಚಿರುವುದೇ ಕಾರಣ ಎಂದು ಹಲವರು ಹೇಳುತ್ತಾರೆ, ಆದರೆ ಜಲಸಸ್ಯಗಳು ದಟ್ಟವಾಗಿರುವ ಕೊಲ್ಲಿಗಳಲ್ಲಿ ದಿನದಲ್ಲೇ ಅತಿ ಕಡಿಮೆ ಆಮ್ಲಜನಕವಿರುವ ಹೊತ್ತು ಅದು. ರಾತ್ರಿಯಿಡೀ ಸಸ್ಯಗಳೂ ಉಸಿರಾಡಿ ಅದನ್ನು ಬಳಸಿರುತ್ತವೆ. ಬೆಳಗಿನ ಜಾವದ ಅನುಕೂಲ ಮಂದ ಬೆಳಕಿನದು, ಆಗ ಬೇಟೆಗಾರ ಮೀನಿನ ಕಣ್ಣು ಬೇಟೆಯ ಕಣ್ಣಿಗಿಂತ ಮೇಲುಗೈ ಸಾಧಿಸುತ್ತದೆ.

ಸಣ್ಣ ಕೆರೆಯಲ್ಲಿ ಇಷ್ಟು ತಿಳಿದಿದ್ದರೆ ಸಾಕು. ದೊಡ್ಡ ಸರೋವರದಲ್ಲಿ ಥರ್ಮೋಕ್ಲೈನ್ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ, ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಸೊಗಸಾದ ಭಾಗವೇ ಇದು. ಒಂದೇ ದಿಕ್ಕಿನಿಂದ ಗಾಳಿ ದಿನವಿಡೀ ಬೀಸಿದರೆ ಮೇಲಿನ ನೀರು ಎದುರು ದಡದಲ್ಲಿ ಒಟ್ಟಾಗುತ್ತದೆ. ಮೇಲ್ಮೈಯ ಈ ಏರಿಕೆ ಕಣ್ಣಿಗೆ ಕಾಣದಷ್ಟು ಸಣ್ಣದು, ಒಂದು ಸೆಂಟಿಮೀಟರ್ ಎಂದುಕೊಳ್ಳೋಣ. 27 ಡಿಗ್ರಿಯ ಮೇಲಿನ ನೀರಿಗೂ 10 ಡಿಗ್ರಿಯ ಕೆಳಗಿನ ನೀರಿಗೂ ಸಾಂದ್ರತೆಯಲ್ಲಿರುವ ವ್ಯತ್ಯಾಸ ಶೇಕಡಾ ಒಂದರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಹಾಗಾಗಿ ಮೇಲೆ ಏರಿದ ಒಂದು ಸೆಂಟಿಮೀಟರ್ ನೀರಿನ ಭಾರವನ್ನು ಸರಿದೂಗಿಸಲು ಅದೇ ದಡದಲ್ಲಿ ಥರ್ಮೋಕ್ಲೈನ್ ಸುಮಾರು ಮುನ್ನೂರು ಪಟ್ಟು, ಅಂದರೆ 3 ಮೀಟರ್ ಕೆಳಗಿಳಿಯಬೇಕಾಗುತ್ತದೆ. ಗಾಳಿ ಹೊರಟ ದಡದಲ್ಲಿ ಅದು ಮೇಲೇರುತ್ತದೆ. ಗಾಳಿ ನಿಂತ ಮೇಲೆ ಈ ಓರೆ ಪದರ ಹಿಂದಕ್ಕೂ ಮುಂದಕ್ಕೂ ದಿನಗಟ್ಟಲೆ ತೂಗಾಡುತ್ತದೆ. ಸ್ಕಾಟ್ಲೆಂಡಿನ ಲಾಕ್ ನೆಸ್‌ನಲ್ಲಿ ಈ ಒಳಗಿನ ಅಲೆಯನ್ನು 20ನೇ ಶತಮಾನದ ಆರಂಭದಲ್ಲೇ ತಾಪಮಾಪಕಗಳಿಂದ ಪತ್ತೆ ಹಚ್ಚಿದ್ದರು. ನಿನ್ನೆ ಮೀನು ಸಿಕ್ಕಿದ ಆಳದಲ್ಲೇ, ಅದೇ ದಿಬ್ಬದ ಮೇಲೆ ಇಂದು ಏನೂ ಸಿಗದಿದ್ದರೆ ಅಲ್ಲಿಗೆ ಕೆಳಗಿನ ಉಸಿರಿಲ್ಲದ ನೀರು ಏರಿ ಬಂದಿರುವ ಸಾಧ್ಯತೆಯನ್ನು ಮೊದಲು ನೋಡಬೇಕು. ಶಬ್ದದ ಅಲೆಗಳಿಂದ ನೀರಿನಾಳವನ್ನು ತೋರಿಸುವ ಸೋನಾರ್ ಉಪಕರಣದ ಪರದೆಯ ಮೇಲೆ ಥರ್ಮೋಕ್ಲೈನ್ ಮಸುಕಾದ ಪಟ್ಟಿಯಾಗಿ ಕಾಣಿಸಿಕೊಳ್ಳುವುದುಂಟು. ಕಾಣದಿದ್ದರೆ ದಾರಕ್ಕೆ ಕಟ್ಟಿ ಇಳಿಬಿಟ್ಟ ತಾಪಮಾಪಕವೂ ಅದೇ ಕೆಲಸವನ್ನು ಮಾಡುತ್ತದೆ. ಆ ಪಟ್ಟಿ ಸರೋವರದ ನೆಲವನ್ನು ಮುಟ್ಟುವ ಮಟ್ಟಕ್ಕಿಂತ ತುಸು ಮೇಲಿನ ಜಾಗಗಳು, ಮುಳುಗಿದ ಹಳೆಯ ನದೀಪಾತ್ರದ ಅಂಚುಗಳು, ಗಾಳಿ ಬಂದು ಬಡಿಯುವ ದಡ: ಬ್ಯಾಸ್ ಇರುವುದು ಇಲ್ಲೇ.

ಇಂಥ ದಿನದ ಬರಿಗೈಗೆ ವಾಯುಭಾರವನ್ನು ದೂರುವುದು ಬಹಳ ಜನಪ್ರಿಯವಾದ ರೂಢಿ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ವಾಯುಭಾರದ ಅಳತೆಮಾನವಾದ ಒಂದು ಹೆಕ್ಟೋಪ್ಯಾಸ್ಕಲ್ ಒತ್ತಡವು ಸುಮಾರು ಒಂದು ಸೆಂಟಿಮೀಟರ್ ನೀರಿನ ಒತ್ತಡಕ್ಕೆ ಸಮ. ಹವಾಮಾನ ಜೋರಾಗಿ ಬದಲಾಗಿ ವಾಯುಭಾರ 20 ಹೆಕ್ಟೋಪ್ಯಾಸ್ಕಲ್ ಕುಸಿದರೂ, ಮೀನು 20 ಸೆಂಟಿಮೀಟರ್ ಮೇಲೇರಿದಾಗ ಅನುಭವಿಸುವ ಬದಲಾವಣೆಗಿಂತ ಅದು ಹೆಚ್ಚಲ್ಲ. ಬೇಟೆಯ ಹಿಂದೆ ಕ್ಷಣಾರ್ಧದಲ್ಲಿ ಮೀಟರುಗಟ್ಟಲೆ ಏರಿಳಿಯುವ ಪ್ರಾಣಿ ಇಷ್ಟಕ್ಕೆ ಊಟ ಬಿಡುತ್ತದೆ ಎಂದು ಒಪ್ಪುವುದು ಕಷ್ಟ. ಮೋಡ, ಗಾಳಿ, ಬೆಳಕು ಬದಲಾಗುತ್ತವೆ, ಅವುಗಳಿಗೆ ಮೀನು ಸ್ಪಂದಿಸುತ್ತದೆ. ಹೆಸರು ಮಾತ್ರ ವಾಯುಭಾರಕ್ಕೆ ಹೋಗುತ್ತದೆ.

ಆಳದಿಂದ ಬೇಗನೆ ಎಳೆದು ತಂದ ಮೀನಿಗೆ ಒತ್ತಡ ನಿಜವಾದ ಸಮಸ್ಯೆಯಾಗುತ್ತದೆ. 10 ಮೀಟರ್ ಆಳದಿಂದ ಮೇಲ್ಮೈಗೆ ಬಂದಾಗ ಒತ್ತಡ ಅರ್ಧಕ್ಕೆ ಇಳಿಯುತ್ತದೆ, ಮೀನಿಗೆ ತೇಲಲು ನೆರವಾಗುವ ಗಾಳಿಚೀಲದ ಅನಿಲ ದುಪ್ಪಟ್ಟು ಹಿಗ್ಗಲು ಹವಣಿಸುತ್ತದೆ. ಬ್ಯಾಸ್ ಆ ಅನಿಲವನ್ನು ಬಾಯಿಯ ಮೂಲಕ ಹೊರಬಿಡಲಾರದು, ರಕ್ತ ಅದನ್ನು ನಿಧಾನವಾಗಿ ಹೀರಿಕೊಳ್ಳಬೇಕು. ಹಿಡಿದ ಮೀನನ್ನು ಜೀವಂತವಾಗಿ ಬಿಡುವ ಪದ್ಧತಿಯನ್ನು ರೇ ಸ್ಕಾಟ್ 1972ರಲ್ಲಿ ತಮ್ಮ ಬ್ಯಾಸ್ ಸ್ಪರ್ಧೆಗಳಿಗೆ ತಂದಾಗ ದೋಣಿಗಳಲ್ಲಿ ಗಾಳಿಯಾಡುವ ನೀರಿನ ತೊಟ್ಟಿಗಳು ಬೇಕಾದವು, ಆದರೆ ಬೇಸಿಗೆಯಲ್ಲಿ ಆ ತೊಟ್ಟಿಗೆ ತುಂಬುವುದು ಮೇಲ್ಮೈಯ ಅತಿ ಬಿಸಿ ನೀರನ್ನೇ. ಗಾಳದೊಡನೆ ಸೆಣಸಿ ಬಳಲಿದ ಮೀನಿಗೆ ಆಮ್ಲಜನಕ ಅತಿ ಹೆಚ್ಚು ಬೇಕಾದ ಹೊತ್ತಿಗೆ ಅತಿ ಕಡಿಮೆ ಆಮ್ಲಜನಕ ಹಿಡಿಯಬಲ್ಲ ನೀರು ಸಿಗುತ್ತದೆ. ಆದ್ದರಿಂದ ಗಟ್ಟಿ ದಾರ ಬಳಸಿ ಬೇಗ ಎಳೆದುಕೊಳ್ಳುವುದು, ತೊಟ್ಟಿಯ ಪಂಪನ್ನು ನಿಲ್ಲಿಸದಿರುವುದು, ನೀರನ್ನು ಮಂಜುಗಡ್ಡೆಯಿಂದ ಕೆಲವೇ ಡಿಗ್ರಿ ಇಳಿಸುವುದು ಬದುಕುಳಿಯುವ ಮೀನುಗಳ ಸಂಖ್ಯೆಯನ್ನು ಹೆಚ್ಚಿಸುತ್ತವೆ; ಸ್ಪರ್ಧೆ ಇಲ್ಲದ ದಿನ ತೊಟ್ಟಿಗೆ ಹಾಕದೆ, ಹಿಡಿದ ಜಾಗದಲ್ಲೇ ಕೊಕ್ಕೆ ಬಿಡಿಸಿ ಕೂಡಲೇ ನೀರಿಗೆ ಬಿಡುವುದು ಇವೆಲ್ಲಕ್ಕಿಂತ ಉತ್ತಮ.